ಲಿನಕ್ಸ್‌ನಲ್ಲಿ ವಿಂಡೋಸ್ ಆಟಗಳು: ಯಾವುದು ಓಡುತ್ತದೆ, ಯಾವುದು ಓಡುವುದಿಲ್ಲ, ಏಕೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳೋಣ ಎಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳಲ್ಲಿ ಬಹುತೇಕ ಯಾವುದನ್ನೂ ಒಪ್ಪುವುದಿಲ್ಲ. ಚೆನ್ನಾಗಿಯೇ ನಡೆಯುತ್ತಿರುವ ಪಿಸಿಯನ್ನು ಮೂಲೆಗೆ ತಳ್ಳಲು ಮನಸ್ಸಿಲ್ಲದ ಕೆಲವರು ಲಿನಕ್ಸ್ ಕಡೆ ತಿರುಗಿದ್ದಾರೆ. ಪಿಸಿ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಮಾಸಿಕ ಹಾರ್ಡ್‌ವೇರ್ ಸಮೀಕ್ಷೆಯಲ್ಲಿ ಲಿನಕ್ಸ್ ಪಾಲು ಮೊದಲ ಬಾರಿಗೆ ಶೇ. 3 ದಾಟಿದ್ದೂ ಅದೇ ತಿಂಗಳು.

ಹೀಗೆ ಬಂದವರು ಮೊದಲು ಕೇಳುವುದು, ನನ್ನ ಗೇಮ್ ಓಡುತ್ತಾ ಅಂತ. ಒಬ್ಬರೇ ಕೂತು ಆಡುವ ಆಟವಾದರೆ ಹೆಚ್ಚಿನ ಪಾಲು ಓಡುತ್ತದೆ. ಆನ್‌ಲೈನ್ ಪೈಪೋಟಿಯ ದೊಡ್ಡ ಹೆಸರುಗಳಲ್ಲಿ ಹಲವು ಓಡುವುದಿಲ್ಲ. ಆದರೆ ಅವನ್ನು ಓಡಿಸಲು ಲಿನಕ್ಸ್‌ಗೆ ಬರುವುದಿಲ್ಲ ಎಂದಲ್ಲ, ಆಟ ಮಾಡಿದ ಕಂಪನಿಯೇ ಬೇಡ ಎಂದಿದೆ. ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿ "ಲಿನಕ್ಸ್‌ನಲ್ಲಿ ಗೇಮ್ ಆಗಲ್ಲ" ಎನ್ನುವುದು ಹತ್ತು ವರ್ಷದ ಹಿಂದೆ ನಿಜವಾಗಿತ್ತು, ಈಗ ಅಲ್ಲ.

ಆಟವನ್ನೇ ಲಿನಕ್ಸ್‌ಗೆ ಬರೆಯುವ ದಾರಿ

ಲಿನಕ್ಸ್‌ಗೆ ಆಟ ತರುವ ಮೊದಲ ದೊಡ್ಡ ಪ್ರಯತ್ನ ಲೋಕಿ ಸಾಫ್ಟ್‌ವೇರ್‌ನದು. 1998ರಲ್ಲಿ ಹುಟ್ಟಿದ ಈ ಕಂಪನಿ ಬೇರೆಯವರ ಆಟಗಳ ಮೂಲ ಕೋಡ್ ಪಡೆದು, ಲಿನಕ್ಸ್‌ಗೆ ಹೊಂದಿಸಿ, ಪೆಟ್ಟಿಗೆಯಲ್ಲಿಟ್ಟು ಮಾರುತ್ತಿತ್ತು. 2002ರ ಜನವರಿಯಲ್ಲಿ ಬಾಗಿಲು ಹಾಕಿತು. ಆಟ ವಿಂಡೋಸ್‌ಗೆ ಬಂದು ತಿಂಗಳುಗಳಾದ ಮೇಲೆ ಲಿನಕ್ಸ್ ಪ್ರತಿ ಬರುತ್ತಿತ್ತು. ಕೊಳ್ಳಬೇಕಾದವರಲ್ಲಿ ಎಷ್ಟೋ ಜನ ಆ ಹೊತ್ತಿಗೆ ವಿಂಡೋಸ್ ಪ್ರತಿಯನ್ನೇ ಆಡಿ ಮುಗಿಸಿರುತ್ತಿದ್ದರು. ಆ ಸಾಹಸದಿಂದ ಉಳಿದ ನಿಜವಾದ ಆಸ್ತಿ ಎಂದರೆ ಅಲ್ಲಿದ್ದ ಸ್ಯಾಮ್ ಲ್ಯಾಂಟಿಂಗಾ ಬರೆದ ಎಸ್‌ಡಿಎಲ್ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್. ಇವತ್ತಿಗೂ ಲೆಕ್ಕವಿಲ್ಲದಷ್ಟು ಆಟಗಳು ವಿಂಡೋ ತೆರೆಯುವುದು, ಕೀಬೋರ್ಡ್ ಓದುವುದು ಅದರ ಮೂಲಕವೇ.

2013ರ ಫೆಬ್ರವರಿಯಲ್ಲಿ ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಅದನ್ನು ಲಿನಕ್ಸ್‌ಗೆ ತಂದಿತು. ವಿಂಡೋಸ್ 8 ತನ್ನದೇ ಆಪ್ ಅಂಗಡಿಯ ಕಡೆ ವಾಲಿದ್ದು ವಾಲ್ವ್‌ಗೆ ಹಿಡಿಸಿರಲಿಲ್ಲ. 2015ರ ನವೆಂಬರ್‌ನಲ್ಲಿ ಲಿನಕ್ಸ್ ಆಧಾರಿತ 'ಸ್ಟೀಮ್ ಮಷಿನ್'ಗಳು ಮಾರುಕಟ್ಟೆಗೆ ಬಂದು ಮಕಾಡೆ ಮಲಗಿದವು. ಯಂತ್ರದಲ್ಲಿ ದೋಷವಿರಲಿಲ್ಲ, ಅದರಲ್ಲಿ ಆಡಲು ಬೇಕಾದಷ್ಟು ಆಟಗಳಿರಲಿಲ್ಲ.

ರಾಕೆಟ್ ಲೀಗ್‌ನ ಕಥೆ ನೋಡಿದರೆ ಈ ದಾರಿಯ ಹುಳುಕು ಗೊತ್ತಾಗುತ್ತದೆ. ಅದಕ್ಕೆ ಲಿನಕ್ಸ್ ಆವೃತ್ತಿ ಇತ್ತು. ಆಟವನ್ನು ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆಯಾದ ಡೈರೆಕ್ಟ್‌ಎಕ್ಸ್ 9ರಿಂದ 11ಕ್ಕೆ ಏರಿಸುವಾಗ ಮ್ಯಾಕ್, ಲಿನಕ್ಸ್ ಎರಡಕ್ಕೂ ಬೇರೆ ಕೆಲಸ ಮಾಡಬೇಕಾಗಿತ್ತು. ಇವೆರಡೂ ಸೇರಿ ಸಕ್ರಿಯ ಆಟಗಾರರಲ್ಲಿ ಶೇ. 0.3ಕ್ಕಿಂತ ಕಡಿಮೆ ಎಂದು ಹೇಳಿ, ತಯಾರಕರಾದ ಸೈಯೋನಿಕ್ಸ್ 2020ರ ಮಾರ್ಚ್‌ನಲ್ಲಿ ಆ ಆವೃತ್ತಿಗಳ ಆನ್‌ಲೈನ್ ಆಟ ನಿಲ್ಲಿಸಿತು. ಲೆಕ್ಕಾಚಾರ ನೋಡಿದರೆ ಅವರನ್ನು ದೂರುವಂತಿಲ್ಲ. ತಮಾಷೆ ಎಂದರೆ, ಲಿನಕ್ಸ್‌ನವರು ಅದರ ವಿಂಡೋಸ್ ಆವೃತ್ತಿಯನ್ನೇ ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್‌ನಲ್ಲಿ ಹಾಕಿಕೊಂಡು ಆಟ ಮುಂದುವರಿಸಿದರು.

ಒಮ್ಮೆ ಲಿನಕ್ಸ್‌ಗೆ ಬರೆದುಬಿಟ್ಟರೆ ಮುಗಿಯಿತು ಎಂದೂ ಇಲ್ಲ. ಉಬುಂಟು, ಫೆಡೋರಾದಂಥ ಲಿನಕ್ಸ್ ಬಗೆಗಳ, ಅಂದರೆ ಡಿಸ್ಟ್ರೋಗಳ ಲೈಬ್ರರಿಗಳು ವರ್ಷವರ್ಷವೂ ಬದಲಾಗುತ್ತವೆ, ಕೈಬಿಟ್ಟ ಪೋರ್ಟ್ (ಲಿನಕ್ಸ್‌ಗೆ ಹೊಂದಿಸಿದ ಆವೃತ್ತಿ) ಐದಾರು ವರ್ಷದಲ್ಲಿ ತೆರೆಯುವುದೇ ಇಲ್ಲ. ಇದಕ್ಕೆಂದೇ ವಾಲ್ವ್ ಹಳೆಯ ಡೆಬಿಯನ್, ಉಬುಂಟು ಲೈಬ್ರರಿಗಳನ್ನು ಕಂಟೇನರ್‌ನಲ್ಲಿ ಕಟ್ಟಿ 'ಸ್ಟೀಮ್ ಲಿನಕ್ಸ್ ರನ್‌ಟೈಮ್' ಎಂದು ಕೊಡುತ್ತದೆ. ಆದರೂ ಲಿನಕ್ಸ್ ಆವೃತ್ತಿ ಇರುವ ಆಟಕ್ಕೂ ಬೇಕೆಂದೇ ವಿಂಡೋಸ್ ಪ್ರತಿ ಇಳಿಸಿಕೊಂಡು ಆಡುವವರು ಸಾಕಷ್ಟು ಇದ್ದಾರೆ. ವಿಂಡೋಸ್‌ನ ಸೇವೆ ಕೇಳಲು ಪ್ರೋಗ್ರಾಂಗಳು ಬಳಸುವ ಹಳೆಯ ಕರೆಗಳು ಇಪ್ಪತ್ತು ವರ್ಷದಿಂದ ಅಲುಗಾಡಿಲ್ಲ, ಹಾಗಾಗಿ ಲಿನಕ್ಸ್‌ನಲ್ಲಿ ಆಟ ಬಾಳಿಕೆ ಬರಬೇಕಾದರೆ ವಿಂಡೋಸ್‌ಗೆ ಬರೆಯುವುದೇ ವಾಸಿ ಎನ್ನುವ ವಿಚಿತ್ರ ಸ್ಥಿತಿ.

ಎಕ್ಸ್‌ಇ ಕಡತ ಲಿನಕ್ಸ್‌ನಲ್ಲಿ ಏಳುವುದು ಹೇಗೆ

ವೈನ್ ಎಂಬ ತಂತ್ರಾಂಶ 1993ರಿಂದ ಇದೆ. 1994ರಿಂದ ಅಲೆಕ್ಸಾಂಡರ್ ಜೂಲಿಯಾರ್ ಅದರ ಮುಂದಾಳು. ಅದು ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ನಟಿಸುವುದಿಲ್ಲ. ಆಟದ ಎಕ್ಸ್‌ಇಯಲ್ಲಿರುವ ಪ್ರೊಸೆಸರ್ ಸೂಚನೆಗಳು ಎರಡೂ ಕಡೆ ಒಂದೇ ಆದ್ದರಿಂದ ಅವು ನೇರವಾಗಿಯೇ ನಡೆಯುತ್ತವೆ. ಆಟ "ಈ ಕಡತ ತೆರೆ", "ಇಷ್ಟು ಮೆಮೊರಿ ಕೊಡು" ಎಂದು ವಿಂಡೋಸ್ ಅನ್ನು ಕೇಳುವ ಕಡೆ ಮಾತ್ರ ವೈನ್ ಉತ್ತರಿಸುತ್ತದೆ. ರಿಜಿಸ್ಟ್ರಿಯನ್ನು ಮಾಮೂಲಿ ಪಠ್ಯ ಕಡತದಲ್ಲಿಡುತ್ತದೆ, ಸಿ ಡ್ರೈವ್ ಎಂದು ಒಂದು ಫೋಲ್ಡರನ್ನು ತೋರಿಸುತ್ತದೆ. ವೇಗ ಕುಸಿಯದಿರುವ ಗುಟ್ಟು ಇಷ್ಟೇ.

ಗ್ರಾಫಿಕ್ಸ್‌ನದು ಬೇರೆ ಪಾಡು. ಆಟ ಡೈರೆಕ್ಟ್‌ಎಕ್ಸ್‌ನಲ್ಲಿ ಮಾತಾಡುತ್ತದೆ, ಲಿನಕ್ಸ್‌ನಲ್ಲಿ ಅದಿಲ್ಲ. ವೈನ್ ಬಹುಕಾಲ ಅದನ್ನು ಓಪನ್‌ಜಿಎಲ್ ಎಂಬ ಇನ್ನೊಂದು ಗ್ರಾಫಿಕ್ಸ್ ವ್ಯವಸ್ಥೆಗೆ ಬದಲಿಸಿ ಕೊಡುತ್ತಿತ್ತು. ಎರಡರ ಸ್ವಭಾವ ಹೊಂದದೆ ಫ್ರೇಮ್‌ಗಳು ಸೋರಿಹೋಗುತ್ತಿದ್ದವು. 2016ರ ಫೆಬ್ರವರಿಯಲ್ಲಿ ವಲ್ಕನ್ ಎಂಬ ಹೊಸ ಗ್ರಾಫಿಕ್ಸ್ ವ್ಯವಸ್ಥೆ ಬಂದ ಮೇಲೆ ಗ್ರಾಫಿಕ್ಸ್ ಕಾರ್ಡಿನ ಹತ್ತಿರಕ್ಕೆ ಹೋಗಿ ಕೆಲಸ ಮಾಡಲು ಸಾಧ್ಯವಾಯಿತು. ಫಿಲಿಪ್ ರೆಬೋಲೆ ಎಂಬ ಜರ್ಮನ್ ಪ್ರೋಗ್ರಾಮರ್ 'ನೀರ್: ಆಟೊಮ್ಯಾಟಾ' ಆಟವನ್ನು ಲಿನಕ್ಸ್‌ನಲ್ಲಿ ಆಡಬೇಕೆಂದು ಡೈರೆಕ್ಟ್‌ಎಕ್ಸ್ 11ನ್ನು ವಲ್ಕನ್‌ಗೆ ತಿರುಗಿಸುವ ಡಿಎಕ್ಸ್‌ವಿಕೆ ಬರೆಯತೊಡಗಿದರು. 2018ರ ಆರಂಭದಲ್ಲೇ ವಾಲ್ವ್ ಅವರ ಕೆಲಸಕ್ಕೆ ಸಂಬಳ ಕೊಡಲು ಶುರುಮಾಡಿತು. ಡೈರೆಕ್ಟ್‌ಎಕ್ಸ್ 12ಕ್ಕೆ ವಿಕೆಡಿ3ಡಿ-ಪ್ರೋಟಾನ್ ಎಂಬ ಇನ್ನೊಂದು ಪದರವಿದೆ.

ವೈನ್, ಈ ಪದರಗಳು, ಒಂದಿಷ್ಟು ತೇಪೆಗಳು ಇವೆಲ್ಲ ಸೇರಿದ ಕಟ್ಟೇ ಪ್ರೋಟಾನ್. 2018ರ ಆಗಸ್ಟ್ 21ರಂದು ಸ್ಟೀಮ್‌ನೊಳಗೇ ಬಂತು. ಆ ದಿನ ಪರೀಕ್ಷೆ ಮಾಡಿ ಒಪ್ಪಿದ್ದ ಆಟಗಳು 27 ಮಾತ್ರ. 2022ರ ಫೆಬ್ರವರಿಯಲ್ಲಿ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರ ಬಂದಾಗ, ಆರ್ಚ್ ಲಿನಕ್ಸ್ ಆಧಾರಿತ ಸ್ಟೀಮ್‌ಓಎಸ್‌ನಲ್ಲಿ ವಿಂಡೋಸ್ ಆಟ ಆಡುತ್ತಿದ್ದೇವೆ ಎಂಬುದು ಕೊಂಡವರಲ್ಲಿ ಎಷ್ಟೋ ಜನರಿಗೆ ತಿಳಿಯಲೂ ಇಲ್ಲ. ಅದೇ ಸಮಯಕ್ಕೆ ಬಿಡುಗಡೆಯಾದ 'ಎಲ್ಡನ್ ರಿಂಗ್' ವಿಂಡೋಸ್ ಪಿಸಿಗಳಲ್ಲಿ ತಡವರಿಸುತ್ತಿತ್ತು. ಆಟ ಕೆಲವು ಜಾಗಗಳಲ್ಲಿ ಒಮ್ಮೆಲೇ ಸಾವಿರಾರು ಕಮಾಂಡ್ ಬಫರ್‌ಗಳಂಥವನ್ನು ಸೃಷ್ಟಿಸುತ್ತಿತ್ತು. ವಾಲ್ವ್‌ನವರು ತಮ್ಮ ಪದರದಲ್ಲಿ ಅವನ್ನು ಮರುಬಳಸುವಂತೆ ಮಾಡಿ ಡೆಕ್‌ನಲ್ಲಿ ಆ ತಡವರಿಕೆ ತಗ್ಗಿಸಿದರು. ನಡುವೆ ಒಂದು ಪದರವಿದ್ದರೆ ನಷ್ಟವೇ ಆಗಬೇಕೆಂದಿಲ್ಲ, ಆಟದ ತಪ್ಪನ್ನು ತಿದ್ದಲು ಅದೊಂದು ಜಾಗವೂ ಹೌದು.

ಇನ್ನೊಂದು ಸೂಕ್ಷ್ಮ ಇದೆ. ಈಗಿನ ಆಟಗಳಲ್ಲಿ ಹತ್ತಾರು ಥ್ರೆಡ್‌ಗಳು (ಒಟ್ಟಿಗೇ ನಡೆಯುವ ಕೆಲಸದ ಎಳೆಗಳು) ಪರಸ್ಪರ ಕಾಯುತ್ತಿರುತ್ತವೆ. ವಿಂಡೋಸ್‌ನಲ್ಲಿ "ಇವುಗಳಲ್ಲಿ ಯಾವುದಾದರೂ ಮುಗಿಯುವವರೆಗೆ, ಅಥವಾ ಎಲ್ಲವೂ ಮುಗಿಯುವವರೆಗೆ ಕಾಯಿ" ಎನ್ನಲು ಒಂದೇ ಕರೆ ಸಾಕು. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಅದಕ್ಕೆ ಸರಿಸಾಟಿ ಇರಲಿಲ್ಲ. ಪ್ರತಿ ಸಲವೂ ವೈನ್‌ಸರ್ವರ್ ಎಂಬ ಇನ್ನೊಂದು ಪ್ರೋಸೆಸ್‌ನ ಬಳಿ ಹೋಗಿಬರಬೇಕಿತ್ತು, ಸೆಕೆಂಡಿಗೆ ಲಕ್ಷಾಂತರ ಸಲ. ಈಸಿಂಕ್, ಎಫ್‌ಸಿಂಕ್ ಎಂಬ ಉಪಾಯಗಳಿಂದ ಬಹಳಷ್ಟು ಸುಧಾರಿಸಿತು. 2025ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 6.14ರ ಎನ್‌ಟಿಸಿಂಕ್ ಡ್ರೈವರ್ ವಿಂಡೋಸ್‌ನ ಅದೇ ನಡವಳಿಕೆಯನ್ನು ಕರ್ನಲ್‌ನೊಳಗೇ ಕೊಟ್ಟಿತು. ವಿಂಡೋಸ್ ಆಟಗಳಿಗೆಂದು ಲಿನಕ್ಸ್ ಕರ್ನಲ್ಲೇ ಜಾಗ ಮಾಡಿಕೊಟ್ಟಿದೆ ಎಂದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಊಹಿಸಬಹುದು.

ಕೈಕೊಡುವ ಜಾಗಗಳು

ಹೊಸಬರು ಎಡವುವುದು ಹೆಚ್ಚಾಗಿ ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಮಾದರಿಯ ಡ್ರೈವ್‌ನಲ್ಲಿ. ಡಿ ಡ್ರೈವ್‌ನಲ್ಲಿ 300 ಜಿಬಿ ಆಟಗಳು ಹೇಗೂ ಇವೆ, ಅದನ್ನೇ ಲಿನಕ್ಸ್‌ನ ಸ್ಟೀಮ್‌ಗೆ ತೋರಿಸಿದರಾಯಿತು ಅನ್ನಿಸುವುದು ಸಹಜ. 'ಪ್ಲೇ' ಒತ್ತಿದರೆ ಗುಂಡಿ 'ಸ್ಟಾಪ್' ಆಗುತ್ತದೆ, ಎರಡು ಸೆಕೆಂಡಿಗೆ ಮತ್ತೆ 'ಪ್ಲೇ' ಆಗುತ್ತದೆ. ತಪ್ಪೇನೆಂದು ಹೇಳುವ ಒಂದು ಸಂದೇಶವೂ ಇಲ್ಲ. ಪ್ರೋಟಾನ್ ಪ್ರತಿ ಆಟಕ್ಕೂ 'ಪ್ರಿಫಿಕ್ಸ್' ಎಂಬ ಪ್ರತ್ಯೇಕ ಫೋಲ್ಡರ್ ಮಾಡಿ, ಅದರೊಳಗೆ ಡ್ರೈವ್ ಅಕ್ಷರಗಳಿಗೆ 'ಸಿ:', 'ಝಡ್:' ಎಂಬ ಹೆಸರಿನ ಕೊಂಡಿಗಳನ್ನಿಡುತ್ತದೆ. ಕಡತದ ಹೆಸರಿನಲ್ಲಿ ಆ ಎರಡು ಚುಕ್ಕಿ ಇರುವುದನ್ನು ವಿಂಡೋಸ್ ಒಪ್ಪುವುದಿಲ್ಲ. ಆ ನಿಯಮ ಪಾಲಿಸುವಂತೆ ಡ್ರೈವ್ ಮೌಂಟ್ ಆಗಿದ್ದರೆ ಕೊಂಡಿಯೇ ಹುಟ್ಟುವುದಿಲ್ಲ. ಹುಟ್ಟಿದರೂ ಮುಂದೆ ವಿಂಡೋಸ್ ಆ ಡಿಸ್ಕ್ ಹಾಳಾಗಿದೆ ಎಂದು ತಗಾದೆ ತೆಗೆಯುತ್ತದೆ. ಇದರ ಮೇಲೆ ವಿಂಡೋಸ್‌ನ 'ಫಾಸ್ಟ್ ಸ್ಟಾರ್ಟಪ್' ಆನ್ ಇದ್ದರೆ ಆ ಡ್ರೈವ್ ಅರೆನಿದ್ದೆಯಲ್ಲೇ ಉಳಿದು, ಲಿನಕ್ಸ್‌ನಲ್ಲಿ ಓದಲು ಮಾತ್ರ ಸಿಗುತ್ತದೆ, ಬರೆಯಲು ಆಗುವುದಿಲ್ಲ. ಪ್ರಿಫಿಕ್ಸ್‌ಗಳಿರುವ 'ಕಂಪ್ಯಾಟ್‌ಡೇಟಾ' ಫೋಲ್ಡರನ್ನು ಮಾತ್ರ ಲಿನಕ್ಸ್ ಡ್ರೈವ್‌ಗೆ ಸರಿಸಿ ಕೊಂಡಿ ಹಾಕುವ ಉಪಾಯವೂ ಉಂಟು. ಅದರ ಬದಲು ಆಟಗಳಿಗೆಂದೇ ಲಿನಕ್ಸ್‌ನ ಮಾದರಿಗಳಾದ ಇಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್ ಪಾರ್ಟಿಶನ್ ಒಂದನ್ನು ಮಾಡಿಕೊಳ್ಳಿ, ತಲೆನೋವು ತಪ್ಪುತ್ತದೆ.

ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದು, ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಇನ್ನೊಂದು ತೊಡಕು ಕಾದಿರುತ್ತದೆ. ಉಬುಂಟುವಿನಲ್ಲಿ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಬೂಟ್ ಮಾಡಿದಾಗ ನೀಲಿ ಪರದೆ ಬಂದು, ಕೀಲಿ ನೋಂದಾಯಿಸಬೇಕೇ, ಹಾಗೇ ಮುಂದುವರಿಯಬೇಕೇ ಎನ್ನುತ್ತದೆ. ನೀಲಿ ಕಂಡು ಗಾಬರಿಯಾಗಿ ಮುಂದುವರಿ ಎಂದವರಿಗೆ ಡ್ರೈವರ್ ಲೋಡ್ ಆಗುವುದಿಲ್ಲ. ಡೆಸ್ಕ್‌ಟಾಪ್ ಎಂದಿನಂತೆ ಕಾಣುತ್ತದೆ, ಆಟ ಮಾತ್ರ ಸೆಕೆಂಡಿಗೆ ಎರಡು ಫ್ರೇಮ್ ಎಳೆಯುತ್ತದೆ. ಏಕೆಂದರೆ ಚಿತ್ರ ಬಿಡಿಸುತ್ತಿರುವುದು ಪ್ರೊಸೆಸರ್, ಕಾರ್ಡ್ ಅಲ್ಲ. ಟರ್ಮಿನಲ್‌ನಲ್ಲಿ 'ವಲ್ಕನ್‌ಇನ್ಫೋ' ಓಡಿಸಿ ನೋಡಿ. ಕಾರ್ಡಿನ ಹೆಸರಿನ ಬದಲು 'ಎಲ್‌ಎಲ್‌ವಿಎಂಪೈಪ್' ಎಂದು ಬಂದರೆ ರೋಗ ಇದೇ. ಡ್ರೈವರ್ ತೆಗೆದು ಮತ್ತೆ ಹಾಕಿ, ಈ ಸಲ ನೀಲಿ ಪರದೆಯಲ್ಲಿ ನೋಂದಣಿ ಆಯ್ದು ಅದೇ ಪಾಸ್‌ವರ್ಡ್ ಕೊಡಿ.

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುವಂಥ, ಕಚೇರಿಗಳಿಂದ ಹೊರಬಿದ್ದ 4ನೇ ತಲೆಮಾರಿನ ಐ5 ಪಿಸಿ ಕೊಂಡವರು ಗಮನಿಸಬೇಕಾದದ್ದು ವಲ್ಕನ್ ಮಟ್ಟ. ಪ್ರೋಟಾನ್ 8ರಿಂದ ಮೇಲಕ್ಕೆ ವಲ್ಕನ್ 1.3 ಬೇಕು. ಜಿಟಿ 710ರಂಥ ಕೆಪ್ಲರ್ ಕಾರ್ಡ್‌ಗಳಿಗೆ ಎನ್‌ವಿಡಿಯಾ ಕೊನೆಯದಾಗಿ ಕೊಟ್ಟ 470 ಸರಣಿಯ ಡ್ರೈವರ್ 1.2ಕ್ಕೇ ನಿಂತಿದೆ. ಆ ಪ್ರೊಸೆಸರ್‌ನಲ್ಲೇ ಇರುವ ಇಂಟೆಲ್ ಗ್ರಾಫಿಕ್ಸ್‌ಗೂ 1.3 ಇಲ್ಲ. ಪ್ರೋಟಾನ್ 7 ಆಯ್ದರೆ, ಅಥವಾ ಹಳೆಯ ಕಾರ್ಡ್‌ಗಳಿಗೆಂದೇ ಸಮುದಾಯದವರು ಕಟ್ಟುವ ಪ್ರೋಟಾನ್-ಸಾರೆಕ್ ಹಾಕಿಕೊಂಡರೆ ಡೈರೆಕ್ಟ್‌ಎಕ್ಸ್ 11ರವರೆಗಿನ ಆಟಗಳನ್ನು ಯತ್ನಿಸಬಹುದು. ವಿಚಿತ್ರವೆಂದರೆ ಅದೇ ಕಾಲದ ಎಎಂಡಿ ಕಾರ್ಡ್‌ಗಳು ಲಿನಕ್ಸ್‌ನಲ್ಲಿ ಹೆಚ್ಚು ಬಾಳುತ್ತಿವೆ. ಆರ್7 240ರಂಥವಕ್ಕೂ ಮುಕ್ತ ಡ್ರೈವರ್ 1.3 ಕೊಡುತ್ತದೆ. ಒಂದೇ ಶರತ್ತು, ಹಳೆಯ ಕರ್ನಲ್‌ಗಳು ಅವುಗಳಿಗೆ 'ರೇಡಿಯಾನ್' ಎಂಬ ಹಳೆಯ ಮಾಡ್ಯೂಲ್ ಹಚ್ಚುತ್ತವೆ, ಬೂಟ್ ಆಯ್ಕೆಯಲ್ಲಿ ಅದನ್ನು 'ಎಎಂಡಿಜಿಪಿಯು'ಗೆ ಬದಲಿಸಬೇಕು.

ಹೊಸ ಕಾರ್ಡಿನವರ ತಕರಾರುಗಳೇ ಬೇರೆ. ಎನ್‌ವಿಡಿಯಾದಲ್ಲಿ ಡೈರೆಕ್ಟ್‌ಎಕ್ಸ್ 12 ಆಟಗಳು ವಿಂಡೋಸ್‌ಗಿಂತ ಎದ್ದು ಕಾಣುವಷ್ಟು ನಿಧಾನವಾಗುವುದು ಬಹುಕಾಲದ ದೂರು. ಎಎಂಡಿಯಲ್ಲಿ ಆ ಅಂತರ ತೀರಾ ಕಡಿಮೆ. ಎಎಂಡಿಗೆ ತೊಡಕಾಗಿರುವುದು ಎಚ್‌ಡಿಎಂಐ. ಮುಕ್ತ ಡ್ರೈವರ್‌ನಲ್ಲಿ ಎಚ್‌ಡಿಎಂಐ 2.1 ಅಳವಡಿಸಲು ಎಎಂಡಿ ಮಾಡಿದ ಪ್ರಯತ್ನಕ್ಕೆ ಎಚ್‌ಡಿಎಂಐ ಫೋರಂ ಒಪ್ಪಲಿಲ್ಲವೆಂದು 2024ರ ಫೆಬ್ರವರಿಯಲ್ಲಿ ಹೊರಬಿತ್ತು. 4ಕೆ, 120 ಹರ್ಟ್ಸ್ ಬೇಕಿದ್ದರೆ ಡಿಸ್ಪ್ಲೇಪೋರ್ಟ್ ಕೇಬಲ್ ಹಿಡಿಯುವುದೇ ಸುಲಭ.

ಆಟ ಶುರುವಾಗಿ, ಹೊಸ ಜಾಗಕ್ಕೆ ಕಾಲಿಟ್ಟಾಗಲೆಲ್ಲ ಅರೆಕ್ಷಣ ಗಕ್ಕನೆ ನಿಂತರೆ ಅದು ಶೇಡರ್‌ಗಳು (ಚಿತ್ರ ಬಿಡಿಸಲು ಕಾರ್ಡಿಗೆ ಕೊಡುವ ಪುಟ್ಟ ಪ್ರೋಗ್ರಾಂಗಳು) ಕಂಪೈಲ್ ಆಗುವ ಹೊತ್ತು. 2022ರ ನವೆಂಬರ್‌ನ ಡಿಎಕ್ಸ್‌ವಿಕೆ 2.0 ಇದನ್ನು ಆಟ ಲೋಡ್ ಆಗುವಾಗಲೇ ಮುಗಿಸುವ ವಿಧಾನ ತಂದಿತು. ಡ್ರೈವರ್ ಹೊಸದಿದ್ದರೆ ತಾನಾಗಿ ಕೆಲಸ ಮಾಡುತ್ತದೆ. ಸ್ಟೀಮ್‌ನ 'ಶೇಡರ್ ಪ್ರೀ-ಕ್ಯಾಶಿಂಗ್' ತಡವಾಗುತ್ತದೆಂದು ಆಫ್ ಮಾಡುವವರು ಒಂದು ವಿಷಯ ಮರೆಯುತ್ತಾರೆ. ಪೇಟೆಂಟ್ ಇರುವ ವಿಡಿಯೊ ಕೋಡೆಕ್‌ಗಳನ್ನು ಪ್ರೋಟಾನ್ ಜೊತೆ ಹಂಚಲಾಗದೆ, ಆಟದ ನಡುವಿನ ವಿಡಿಯೊಗಳನ್ನು ವಾಲ್ವ್ ಬೇರೆ ಕೋಡೆಕ್‌ಗೆ ಬದಲಿಸಿ ಅದೇ ದಾರಿಯಲ್ಲಿ ಕಳಿಸುತ್ತದೆ. ಆಫ್ ಮಾಡಿದರೆ ಕಥಾಭಾಗದ ಬದಲು ಟಿವಿಯ ಬಣ್ಣದ ಪಟ್ಟಿ ಕಾಣಬಹುದು. ಆಗ ಪ್ರೋಟಾನ್-ಜಿಇ ಎಂಬ ಸಮುದಾಯದ ಆವೃತ್ತಿ ಸಾಮಾನ್ಯವಾಗಿ ಕೆಲಸಕ್ಕೆ ಬರುತ್ತದೆ.

ಕೆಲವು ದೊಡ್ಡ ಆಟಗಳು ಅರ್ಧ ಗಂಟೆ ಓಡಿ ದಿಢೀರನೆ ಮುಚ್ಚಿಕೊಳ್ಳುತ್ತವೆ. ಒಂದು ಪ್ರೋಸೆಸ್ ಎಷ್ಟು ಮೆಮೊರಿ ತುಂಡುಗಳನ್ನು ಹಿಡಿಯಬಹುದೆಂಬ ಕರ್ನಲ್ ಮಿತಿ ಮೂಲದಲ್ಲಿ 65,530, ಆಟಕ್ಕೆ ಅದು ಸಾಲುವುದಿಲ್ಲ. ಫೆಡೋರಾ 39, ಉಬುಂಟು 24.04ರಿಂದ ಈ ಮಿತಿ 10,48,576ಕ್ಕೆ ಏರಿದೆ. ಹಳೆಯ ಡಿಸ್ಟ್ರೋದಲ್ಲಿದ್ದರೆ ಸಿಸ್‌ಸಿಟಿಎಲ್ ಸೆಟ್ಟಿಂಗ್‌ನಲ್ಲಿ ಕೈಯಾರೆ ಏರಿಸಿಕೊಳ್ಳಿ.

ಇನ್ನೂ ಓಡದಿದ್ದರೆ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಪ್ರೋಟಾನ್‌ಡಿಬಿ ತಾಣದಲ್ಲಿ ಆ ಆಟದ ಇತ್ತೀಚಿನ ವರದಿಗಳನ್ನು ಓದಿ. ಎರಡು ವರ್ಷ ಹಳೆಯ ಸಲಹೆಯಿಂದ ಈಗ ಅಪಾಯವೇ ಹೆಚ್ಚು. ಆಮೇಲೆ ಆಟದ ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ಪುಟದಲ್ಲಿ ಬೇರೆ ಪ್ರೋಟಾನ್ ಆವೃತ್ತಿ ಆಯ್ದು ನೋಡಿ. ಅದಾದ ಮೇಲೆ ಪ್ರಿಫಿಕ್ಸ್ ಅಳಿಸಿ. ಅಳಿಸುವ ಮುನ್ನ ಅದರೊಳಗಿನ 'ಸ್ಟೀಮ್‌ಯೂಸರ್' ಫೋಲ್ಡರ್ ಬೇರೆಡೆ ನಕಲು ಮಾಡಿಡಿ, ಏಕೆಂದರೆ ಕ್ಲೌಡ್ ಸೇವ್ ಇಲ್ಲದ ಆಟಗಳ ಪ್ರಗತಿ ಇರುವುದು ಅಲ್ಲೇ. ಮಾಡ್‌ಗಳನ್ನು ಕೈಯಾರೆ ಬಿಚ್ಚಿ ಹಾಕಿದ್ದರೆ, ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸದಿಂದ ಒಂದೇ ಹೆಸರಿನ ಎರಡು ಫೋಲ್ಡರ್ ಹುಟ್ಟಿವೆಯೇ ನೋಡಿ. ಲಿನಕ್ಸ್‌ಗೆ ಅವು ಬೇರೆ ಬೇರೆ, ಆಟಕ್ಕೆ ಒಂದೇ. ಅದರ ಕಣ್ಣಿಗೆ ಬೀಳುವುದು ಎರಡರಲ್ಲಿ ಒಂದು ಮಾತ್ರ.

ಆಂಟಿ-ಚೀಟ್ ಎಂಬ ಬೇಲಿ

ಇಷ್ಟೆಲ್ಲ ಬಗೆಹರಿದರೂ ವ್ಯಾಲರಂಟ್ ಓಡುವುದಿಲ್ಲ. ಫೋರ್ಟ್‌ನೈಟ್, ಪಬ್‌ಜಿಯ ಪಿಸಿ ಆವೃತ್ತಿ, ಬ್ಯಾಟಲ್‌ಫೀಲ್ಡ್ 6 ಇವೂ ಇಲ್ಲ. ಭಾರತದ ಹುಡುಗರ ಪಿಸಿಗಳಲ್ಲಿ ಇವೇ ಹೆಚ್ಚು ಇರುವುದರಿಂದ ಇಲ್ಲಿ ಲಿನಕ್ಸ್ ಬಗ್ಗೆ ಅನುಮಾನ ಉಳಿದಿರುವುದು ಆಶ್ಚರ್ಯವಲ್ಲ.

ವ್ಯಾಲರಂಟ್‌ನ ವ್ಯಾನ್‌ಗಾರ್ಡ್‌ನಂಥ ಆಂಟಿ-ಚೀಟ್, ಅಂದರೆ ಆಟದಲ್ಲಿ ಮೋಸ ಹಿಡಿಯುವ ತಂತ್ರಾಂಶ, ವಿಂಡೋಸ್ ಕರ್ನಲ್‌ನೊಳಗೆ ಡ್ರೈವರ್ ಆಗಿ ಕೂರುತ್ತದೆ. ಬೇರೆ ಯಾರು ಆಟದ ಮೆಮೊರಿಗೆ ಕೈ ಹಾಕುತ್ತಿದ್ದಾರೆ ಎಂದು ಅಲ್ಲಿಂದ ಕಾಯುತ್ತದೆ. ವೈನ್ ಬಳಿ ವಿಂಡೋಸ್‌ನ ಕರೆಗಳಿಗೆ ಉತ್ತರವಿದೆ, ವಿಂಡೋಸ್ ಕರ್ನಲ್ ಇಲ್ಲ. ಇಲ್ಲದ ಕರ್ನಲ್‌ನೊಳಗೆ ಡ್ರೈವರ್ ಕೂರುವುದಾದರೂ ಎಲ್ಲಿ? 2024ರ ಮೇ ತಿಂಗಳಲ್ಲಿ ಲೀಗ್ ಆಫ್ ಲೆಜೆಂಡ್ಸ್‌ಗೂ ವ್ಯಾನ್‌ಗಾರ್ಡ್ ಬಂದ ಕೂಡಲೇ, ವರ್ಷಗಳಿಂದ ವೈನ್‌ನಲ್ಲಿ ಅದನ್ನು ಆಡುತ್ತಿದ್ದವರ ಆಟ ಮುಗಿಯಿತು.

ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎಂಬ ಬೇರೆ ಎರಡು ಆಂಟಿ-ಚೀಟ್‌ಗಳು 2021ರ ಸೆಪ್ಟೆಂಬರ್‌ನಿಂದ ಪ್ರೋಟಾನ್‌ಗೆ ಬೆಂಬಲ ಕೊಡುತ್ತಿವೆ. ಲಿನಕ್ಸ್‌ನಲ್ಲಿ ಅವು ಕರ್ನಲ್‌ನ ಹೊರಗಿದ್ದು ಕೆಲಸ ಮಾಡುತ್ತವೆ. ಆಟದ ಕಂಪನಿ ಅದನ್ನು ಚಾಲೂ ಮಾಡಬೇಕಷ್ಟೆ: ಮೊದಲನೆಯದಕ್ಕೆ ಪೋರ್ಟಲ್‌ನಲ್ಲಿ ಒಂದು ಆಯ್ಕೆ, ಜೊತೆಗೆ ಒಂದು ಲೈಬ್ರರಿ ಕಡತ, ಇನ್ನೊಂದಕ್ಕೆ ಬ್ಯಾಟಲ್‌ಐಗೆ ಒಂದು ಕೋರಿಕೆ. ಎಲ್ಡನ್ ರಿಂಗ್ ಮಾಡಿತು. ಜಿಟಿಎ ಆನ್‌ಲೈನ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಬ್ಯಾಟಲ್‌ಐ ಬಂದಾಗ ರಾಕ್‌ಸ್ಟಾರ್ ಮಾಡಲಿಲ್ಲ, ಅಲ್ಲಿಯವರೆಗೆ ಸ್ಟೀಮ್ ಡೆಕ್‌ನಲ್ಲಿ ಓಡುತ್ತಿದ್ದದ್ದು ನಿಂತಿತು. ಏಪೆಕ್ಸ್ ಲೆಜೆಂಡ್ಸ್ ಮಾಡಿತ್ತು, 2024ರ ಅಕ್ಟೋಬರ್ 31ರಂದು ಹಿಂತೆಗೆದುಕೊಂಡಿತು. ಲಿನಕ್ಸ್ ಚೀಟ್‌ಗಳಿಗೆ ದಾರಿಯಾಗುತ್ತಿದೆ, ಅವನ್ನು ಹಿಡಿಯುವುದು ಕಷ್ಟ ಎನ್ನುವುದು ಅವರು ಕೊಟ್ಟ ಕಾರಣ.

ಅದು ಬರೀ ನೆವ ಅಲ್ಲ. ವಿಂಡೋಸ್‌ನಲ್ಲಿ ಕರ್ನಲ್ ಡ್ರೈವರ್‌ಗೆ ಮೈಕ್ರೋಸಾಫ್ಟ್ ಸಹಿ ಬೇಕು. ಲಿನಕ್ಸ್‌ನಲ್ಲಿ ಕರ್ನಲ್ ಅನ್ನೇ ನೀವು ಮನೆಯಲ್ಲಿ ಬದಲಿಸಿ ಕಟ್ಟಿಕೊಳ್ಳಬಹುದು. ಹಾಗೆ ಕಟ್ಟಿದ ಕರ್ನಲ್, ಆಂಟಿ-ಚೀಟ್ ಕೇಳಿದ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟರೆ ಹೊರಗೆ ಕೂತ ಆಂಟಿ-ಚೀಟ್‌ಗೆ ತಿಳಿಯುವುದಿಲ್ಲ. ಯಂತ್ರದ ಮಾಲೀಕನೇ ಸರ್ವಾಧಿಕಾರಿ ಎನ್ನುವುದು ಲಿನಕ್ಸ್‌ನ ನೀತಿ. ಯಂತ್ರದ ಮಾಲೀಕನನ್ನೇ ನಂಬಬೇಡ ಎನ್ನುವುದು ಆಂಟಿ-ಚೀಟ್‌ನ ನೀತಿ. ಇವೆರಡನ್ನು ಹೊಂದಿಸುವ ಪದರವನ್ನು ಯಾವ ಪ್ರೋಗ್ರಾಮರ್ ಬರೆಯಲಾದೀತು?

ಹಾಗೆಂದು ಕರ್ನಲ್‌ನಲ್ಲಿ ಕೂತರೆ ಚೀಟ್ ನಿಲ್ಲುತ್ತದೆ ಎಂದೂ ಇಲ್ಲ. ಪಿಸಿಐಇ ಕಾರ್ಡ್ ಹಾಕಿ ಬೇರೆ ಕಂಪ್ಯೂಟರ್‌ನಿಂದ ಮೆಮೊರಿ ಓದುವ ಚೀಟ್‌ಗಳು ವಿಂಡೋಸ್‌ನಲ್ಲೇ ಧಾರಾಳವಾಗಿವೆ. ಸರ್ವರ್ ಕಡೆಯಲ್ಲಿ ಆಟಗಾರನ ನಡೆ ನೋಡಿ ಹಿಡಿಯುವುದು ದುಬಾರಿ, ನಿಧಾನ. ಬಳಕೆದಾರರು ನೂರಕ್ಕೆ ಮೂವರಿರುವ ವ್ಯವಸ್ಥೆಗೆ ಆ ಖರ್ಚು ಯಾಕೆ ಎಂಬ ಲೆಕ್ಕವೇ ಕೊನೆಗೆ ಗೆಲ್ಲುತ್ತಿದೆ ಎಂದು ನನಗನ್ನಿಸುತ್ತದೆ. ಒಪ್ಪಿಗೆ ಇದ್ದ ಕಡೆಯೂ ಎಡವಟ್ಟು ಆಗುವುದುಂಟು: 2025ರ ಜನವರಿಯಲ್ಲಿ ಮಾರ್ವೆಲ್ ರೈವಲ್ಸ್ ಇಂಥ ಪದರಗಳ ಮೂಲಕ ಆಡುತ್ತಿದ್ದ ಕೆಲವರನ್ನು ಚೀಟ್ ಎಂದು ತಪ್ಪಾಗಿ ತಿಳಿದು ನಿಷೇಧಿಸಿ, ಆಮೇಲೆ ಕ್ಷಮೆ ಕೇಳಿ ತೆರವು ಮಾಡಿತು.

ಬದಲಾವಣೆ ಬಂದರೆ ಎರಡು ಕಡೆಯಿಂದ ಬರಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದ ಮೇಲೆ, ಭದ್ರತಾ ತಂತ್ರಾಂಶವನ್ನು ಕರ್ನಲ್‌ನಿಂದ ಹೊರಗಿಡುವ ಏರ್ಪಾಡನ್ನು ಮೈಕ್ರೋಸಾಫ್ಟ್ ತಾನೇ ಮಾಡುತ್ತಿದೆ. ಆಂಟಿ-ಚೀಟ್ ಕೂಡ ಹೊರಬಂದರೆ ಎರಡು ವ್ಯವಸ್ಥೆಗಳ ನಡುವಿನ ಅಂತರ ಕಿರಿದಾಗುತ್ತದೆ. ಇನ್ನೊಂದು ಕಡೆ, 2025ರ ನವೆಂಬರ್‌ನಲ್ಲಿ ವಾಲ್ವ್ ಹೊಸ ಸ್ಟೀಮ್ ಮಷಿನ್ ಮತ್ತು ಎಆರ್‌ಎಂ ಚಿಪ್ಪಿನ ಸ್ಟೀಮ್ ಫ್ರೇಮ್ ಎಂಬ ವಿಆರ್ ಹೆಡ್‌ಸೆಟ್ ಪ್ರಕಟಿಸಿತು. ಈ ಸಲ ಆಟಗಳ ಕೊರತೆ ಇಲ್ಲ. ಯಂತ್ರ ಲಕ್ಷಗಟ್ಟಲೆ ಮಾರಾಟವಾದರೆ ಮೇಲಿನ ಲೆಕ್ಕ ತಿರುಗಲೂಬಹುದು.

ಅಲ್ಲಿಯವರೆಗೆ ವ್ಯಾಲರಂಟ್ ಬೇಕೇ ಬೇಕೆಂದರೆ, ಜೊತೆಗೆ ಪಿಸಿ ವಿಂಡೋಸ್ 11ಕ್ಕೆ ಒಗ್ಗುವಂತಿದ್ದರೆ, ಒಂದೇ ಪಿಸಿಯಲ್ಲಿ ಎರಡನ್ನೂ ಇಟ್ಟುಕೊಳ್ಳುವ ಡ್ಯುಯಲ್ ಬೂಟ್ ಒಂದೇ ದಾರಿ. ವರ್ಚುವಲ್ ಮಷಿನ್‌ನಲ್ಲಿ ವ್ಯಾನ್‌ಗಾರ್ಡ್ ಬಿಡುವುದಿಲ್ಲ. ಅದನ್ನು ಮರೆಮಾಚುವ ಉಪಾಯಗಳನ್ನು ನಂಬಿದರೆ ಖಾತೆಯೇ ಹೋದೀತು. ಸಾಧ್ಯವಾದರೆ ಎರಡಕ್ಕೂ ಬೇರೆ ಬೇರೆ ಎಸ್‌ಎಸ್‌ಡಿ ಇಡಿ. ಉಬುಂಟು, ಫೆಡೋರಾಗಳ ಬೂಟ್‌ಲೋಡರ್‌ಗೆ ಮೈಕ್ರೋಸಾಫ್ಟ್ ಕೀಲಿಯ ಸಹಿ ಇರುವುದರಿಂದ ಸೆಕ್ಯೂರ್ ಬೂಟ್ ಆಫ್ ಮಾಡುವ ಅಗತ್ಯವಿಲ್ಲ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದ ಮೇಲೆ ಪಿಸಿ ನೇರವಾಗಿ ವಿಂಡೋಸ್‌ಗೇ ಹೋದರೆ ಲಿನಕ್ಸ್ ಅಳಿಸಿಹೋಯಿತೆಂದು ಗಾಬರಿಯಾಗಿ ಮತ್ತೆ ಇನ್‌ಸ್ಟಾಲ್‌ಗೆ ಕೂರಬೇಡಿ. ಬಯಾಸ್‌ನ ಬೂಟ್ ಪಟ್ಟಿಯಲ್ಲಿ ಉಬುಂಟು ಅಥವಾ ಫೆಡೋರಾ ಎಂಬ ಸಾಲು ಕೆಳಗೆ ಸರಿದಿರುತ್ತದೆ, ಮೇಲಕ್ಕೆ ತಂದು ಸೇವ್ ಮಾಡಿ.